ತಾತನ ಬೆಲ್ಲ, ನನ್ನ ಹಾಲುಹಲ್ಲು

ತೆರಕಣಾಂಬಿಯಲ್ಲಿ ನಮ್ಮ ತಾತ ನೀಲಕಂಠಸ್ವಾಮಿಯವರ ಬೆಲ್ಲದ ಅಂಗಡಿ ಇತ್ತು. ತೊಂಬತ್ತನಾಲ್ಕನೇ ಇಸವಿ, ನನಗಾಗ ನಾಲ್ಕು ವರ್ಷ. ಅಂಗನವಾಡಿ ಬಿಟ್ಟ ಮೇಲೆ ನನ್ನ ಜಾಗ ತಾತನ ತೊಡೆ. ಅಚ್ಚು ಒಡೆದಾಗ ಉದುರುವ ಚೂರೆಲ್ಲ ನನ್ನ ಬಾಯಿಗೆ. "ಇವ್ಳೇ ಕಣಪ್ಪ ಅಂಗ್ಡಿ ಯಜಮಾನಿ" ಅಂತ ತಾತ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಆ ಗೋಣಿಚೀಲದ, ಆ ಬೆಲ್ಲದ ಘಮ ಇವತ್ತಿಗೂ ಮೂಗಿನಲ್ಲಿದೆ.

ಒಂದು ಸಂಜೆ ಅಂಗನವಾಡಿ ಟೀಚರ್ ನಾಗಮಣಿ ಬೆಲ್ಲಕ್ಕೆ ಬಂದವರು ನನ್ನ ತುಟಿ ಎತ್ತಿ ನೋಡಿದರು.

"ಯಜಮಾನ್ರೆ, ರೂಪಶ್ರೀ ಹಲ್ಲೆಲ್ಲ ಹುಳುಕಾಯ್ತಾ ಅದೆ. ಗುಂಡ್ಲುಪೇಟೇಲಿ ಡಾಕ್ಟ್ರಿಗೆ ತೋರ್ಸಿ."

ತಾತ ನಕ್ಕರು. "ಹಾಲಲ್ಲು ಕಣವ್ವ. ಬಿದ್ದೋಗೋದಕ್ಕೆ ಯಾಕ್ ಡಾಕ್ಟ್ರು? ನಾವೂ ಬೆಲ್ಲ ತಿಂದೇ ಬೆಳ್ದೋರಲ್ವಾ?"

"ನೀವು ಊಟದ್ ಜೊತೆ ತಿಂದ್ರಿ. ಇವ್ಳು ದಿನವೆಲ್ಲ ಚೀಪ್ತಾನೇ ಇರ್ತಾಳೆ. ಸಿಹಿ ಅಂಟ್ಕಂಡಷ್ಟೊತ್ತೂ ಬಾಯಲ್ಲಿ ಹುಳಿ ಹುಟ್ಟಿ ಹಲ್ಲ ಕರಗಿಸ್ತದೆ. ಮುಂದೆ ಬರೋ ಹಲ್ಲಿಗೆ ಜಾಗ ಕಾಯೋದೇ ಹಾಲಲ್ಲು. ಅದು ಮೊದ್ಲೇ ಹೋದ್ರೆ ಹೊಸ ಹಲ್ಲು ಸೊಟ್ಟಗೆ ಬತ್ತವೆ."

"ಕೂಸು ಕೈ ಚಾಚಿದ್ರೆ ಇಲ್ಲ ಅನ್ನಕ್ಕೆ ನನ್ ಕೈಲಾಗಕಿಲ್ಲ, ಬುಡು" ಅಂದರು ತಾತ.

ಯುಗಾದಿ ಕಳೆದ ವಾರ ನನ್ನ ಬಲಗೆನ್ನೆ ಊದಿಕೊಂಡಿತು. ಅಜ್ಜಿ ಚಿಕ್ಕಮಲ್ಲಮ್ಮ ಲವಂಗ ಇಟ್ಟರು. ಮಾರನೆಯ ದಿನ ಜ್ವರ. ಕಣ್ಣು ಮುಚ್ಚಿಹೋಗುವಷ್ಟು ಊತ. ನೀರು ಕೂಡ ಇಳಿಯಲಿಲ್ಲ. ತಾತ ಅಂಗಡಿ ಬಾಗಿಲು ಹಾಕಿ, ನನ್ನನ್ನು ಹೆಗಲಿಗೆ ಹಾಕಿಕೊಂಡು, ನಾಗಮಣಿಯವರನ್ನೂ ಕರೆದುಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದರು.

"ಕೀವು ತುಂಬಿದೆ. ಇನ್ನೂ ತಡ ಮಾಡಿದ್ದರೆ ಜೀವಕ್ಕೇ ಅಪಾಯ ಆಗಬಹುದಿತ್ತು" ಅಂದರು ಹಲ್ಲಿನ ಡಾಕ್ಟರು. ಇಂಜೆಕ್ಷನ್ ಚುಚ್ಚಿ ದವಡೆಹಲ್ಲು ಕಿತ್ತರು. ನಾನು ಕಿರುಚಿಕೊಂಡಾಗ ತಾತ ನನ್ನನ್ನು ಎದೆಗೆ ಅವಚಿಕೊಂಡರು.

ಹೊರಗೆ ಬೆಂಚಿನ ಮೇಲೆ ಕೂತು ಅವರು ಮೆಲ್ಲಗೆ ಕೇಳಿದರು: "ನಾಗಮಣಿ, ಮಿಕ್ಕಿದ್ ಹಲ್ಲಾದ್ರೂ ಉಳಿಸ್ಕೋಬೌದಾ?"

"ಉಳಿಸ್ಕೋಬೌದು. ಸಿಹಿ ಏನಿದ್ರೂ ಊಟದ್ ಜೊತೆ ಒಂದಿಷ್ಟು. ಹಲ್ಲುಜ್ಜೋಕೆ ಇದ್ದಿಲು ಬ್ಯಾಡ. ಮೆತ್ತನೆ ಬ್ರಷ್ಷು, ಬಟಾಣಿ ಕಾಳಷ್ಟು ಪೇಸ್ಟು. ಬೆಳಿಗ್ಗೆ, ಆಮೇಲೆ ಮಲಗೋ ಮುಂಚೆ ನೀವೇ ಉಜ್ಜಿ. ಮಕ್ಕಳ ಕೈಲಿ ಸರಿಯಾಗಾಗಕಿಲ್ಲ."

ಅಂದಿನಿಂದ ರಾತ್ರಿ ಊಟವಾದ ಮೇಲೆ ತಾತ ಜಗುಲಿಯಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಎಲ್ಲಿ, ಆ ಅನ್ನು ಮಗ" ಅಂತ ಹಲ್ಲುಜ್ಜುತ್ತಿದ್ದರು. ಅಂಗಡಿಯಲ್ಲಿ ಕೈ ಚಾಚಿದರೆ ಸೌತೆಕಾಯಿ ಹೋಳು ಸಿಗುತ್ತಿತ್ತು. ನಾನು ಅತ್ತೆ, ಹಟ ಮಾಡಿದೆ. ಮುಖ ಆ ಕಡೆ ತಿರುಗಿಸಿಕೊಂಡರೇ ಹೊರತು ತಾತ ಬೆಲ್ಲ ಕೊಡಲಿಲ್ಲ.

ಮುಂದೆ ತಮ್ಮ ಸೋಮಶೇಖರ ಹುಟ್ಟಿದ. ಅಜ್ಜಿ ಹಾಲಿನ ಬಾಟ್ಲಿಗೆ ಸಕ್ಕರೆ ಹಾಕಹೋದರೆ ತಾತನೇ ತಡೆದರು. "ಬ್ಯಾಡ ಕಣೆ. ಬಾಟ್ಲಿ ಬಾಯಲ್ಲಿಟ್ಟು ಮಲಗಿಸೋದೂ ಬ್ಯಾಡ. ಒಂದು ಕೂಸು ಪಟ್ಟಿದ್ದು ಸಾಕು." ತಮ್ಮನ ಒಂದು ಹಾಲುಹಲ್ಲೂ ಹುಳುಕಲಿಲ್ಲ.

ತಾಯಂದಿರೇ, ಅಪ್ಪಂದಿರೇ, ಮುದ್ದು ಮಾಡುವ ಅಜ್ಜಿ ತಾತಂದಿರೇ, ಹಲ್ಲು ಬರುವ ಮುಂಚೆಯೇ ಮಗುವಿನ ಒಸಡನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಒರೆಸಿ. ಮೊದಲ ಹಲ್ಲು ಕಂಡ ದಿನದಿಂದ ಉಜ್ಜಿ. ಮೂರು ವರ್ಷ ತುಂಬುವವರೆಗೆ ಅಕ್ಕಿಕಾಳಷ್ಟು ಪೇಸ್ಟ್ ಸಾಕು. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಒಸಡಿನ ಅಂಚಿನಲ್ಲಿ ಬಿಳಿ ಪಟ್ಟೆಯೋ ಕಂದು ಕಲೆಯೋ ಕಂಡರೆ, ನೋವು ಬರಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ತೋರಿಸಿ. ಇವತ್ತೇ, ಮಲಗುವ ಮುಂಚೆ, ನಿಮ್ಮ ಮಗುವಿನ ತುಟಿ ಎತ್ತಿ ಒಂದು ಸಲ ನೋಡಿ.