ಅಂಬರ್, ಊದ್

ಯಾರಿಗೆ ಎಂದು ಅತ್ತರಿನ ಅಂಗಡಿಯವನು ಕೇಳಿಬಿಟ್ಟರೆ ಏನು ಹೇಳುವುದು? ಚೌಬಾರ ಗೋಪುರದ ಹತ್ತಿರ ಆಟೋ ಇಳಿದಾಗಿನಿಂದ ಹೆಪ್ಸಿಬಾಳ ತಲೆಯಲ್ಲಿ ಇದೊಂದೇ. ಡಿಗ್ರಿ ಮುಗಿಸಿದವಳು ಇಷ್ಟಕ್ಕೆ ಹೆದರುವುದೆಂದರೆ ಅವಳಿಗೇ ನಾಚಿಕೆ.

ಮುಂಜಾನೆ ಅವಳ ಮಮ್ಮಿ ನವೊಮಿ ಸಿಸ್ಟರ್ ಆಸ್ಪತ್ರೆಯ ಡ್ಯೂಟಿಗೆ ಹೊರಟವಳು, ಬಿಳಿ ಕೋಟಿನ ಒಂದು ತೋಳು ಹಾಕಿಕೊಂಡು ಮಂಚದ ಮೇಲೆ ಕುಳಿತಳು. ಇನ್ನೊಂದು ತೋಳು ಹಾಕಿಕೊಳ್ಳಲೇ ಇಲ್ಲ. ಆಮೇಲಿನದೆಲ್ಲ ಬೇರೆ ಯಾರದೋ ಮನೆಯಲ್ಲಿ ನಡೆದಂತಿತ್ತು. ಔರಾದಿನಿಂದ ಓಡಿಬಂದ ಸ್ಟೀಫನ ಮಾಮಾ ಎಲ್ಲರಿಗೂ ಫೋನು ಹಚ್ಚಿ, ಅಕ್ಕ ಪ್ರಭುವಿನ ಹತ್ತಿರ ಹೋದಳೆಂದು ಹೇಳಿದ. ಹೆಪ್ಸಿಬಾ ಯಾರಿಗೂ ಏನೂ ಹೇಳಿರಲಿಲ್ಲ. ಅತ್ತೂ ಇರಲಿಲ್ಲ.

ಭಾಲ್ಕಿಯಿಂದ ಎಲೀನಾ ಚಿಕ್ಕಮ್ಮ ಬಂದ ಕೂಡಲೇ ಮಣ್ಣು ಮಾಡುವುದಿತ್ತು. ಪೆಟ್ಟಿಗೆ ಮುಚ್ಚುವ ಮುಂಚೆ ಮೈಮೇಲೆ ಅತ್ತರು ಹಾಕುವುದು ಅವರ ಮನೆಗಳ ರೂಢಿ. ಗುಲಾಬಿಯ ವಾಸನೆ ಅಕ್ಕನಿಗೆ ಸೇರುತ್ತಿರಲಿಲ್ಲ, ಸಿಹಿಯಾದ ಜೋರು ಘಮ ಇರಲಿ ಎಂದು ಮಾಮಾ ಹೆಪ್ಸಿಬಾಳನ್ನೇ ಕಳಿಸಿದ್ದ. ಡ್ಯೂಟಿಗೆ ಅತ್ತರು ಹಚ್ಚುವಂತಿಲ್ಲವೆಂದು ವರ್ಷವೆಲ್ಲ ತಡೆದುಕೊಂಡು, ಕ್ರಿಸ್ಮಸ್ಸಿಗೆ ಮಾತ್ರ ಚರ್ಚಿನ ಹಿಂದಿನ ಸಾಲಿಗೂ ಮುಟ್ಟುವಷ್ಟು ಹಚ್ಚಿಕೊಳ್ಳುತ್ತಿದ್ದವಳು ಮಮ್ಮಿ.

ಅಂಗಡಿಯ ಉಸ್ಮಾನ ಮಿಯಾ ಯಾರಿಗೆಂದು ಕೇಳಲೇ ಇಲ್ಲ, ತಾನೇ ತೀರ್ಮಾನಿಸಿಬಿಟ್ಟ. ಹೀಗೆ ತಲೆ ತಗ್ಗಿಸಿಕೊಂಡು ಬರುವ ಹುಡುಗಿಯರೆಲ್ಲ ಶಾದಿ ಗೊತ್ತಾದವರೇ ಎಂದು ನಗುತ್ತ, ಗಾಜಿನ ಕಡ್ಡಿಯಿಂದ ಅವಳ ಎಡ ಮಣಿಕಟ್ಟಿಗೆ ಅಂಬರ್, ಬಲಕ್ಕೆ ಊದ್ ಹಚ್ಚಿದ. ಎಡಗೈಯಿಂದ ಬೆಲ್ಲದ ಪಾಕ ಕುದಿಯುವ ವಾಸನೆ. ಬಲಗೈಯಲ್ಲಿ ಕೆಂಡದ ಮೇಲೆ ಜೇನು ತೊಟ್ಟಿಕ್ಕಿದಂತೆ. ಒಂದನ್ನು ಮೂಸಿದಳು, ಇನ್ನೊಂದನ್ನು ಮೂಸಿದಳು, ಮತ್ತೆ ಮೊದಲನೆಯದನ್ನು. ಎಷ್ಟು ಚೆನ್ನಾಗಿದೆ ಅನ್ನಿಸಿದ್ದೇ ಬೆಚ್ಚಿಬಿದ್ದಳು. ಇವತ್ತೂ ಮೂಗಿಗೆ ಸಿಹಿ ಸಿಹಿಯಾಗಿಯೇ ತಾಗುತ್ತದಲ್ಲ.

"ಗಡಬಡ ಬ್ಯಾಡ ಬೇಟಿ," ಎಂದ ಮಿಯಾ. "ಇವೆರಡೂ ಗರಮ್ ಅತ್ತರ. ಮೈ ಕಾವು ಹತ್ತಿದಂಗ ಅರಳ್ತಾವ. ಅರ್ಧಾ ತಾಸು ತಡಿ, ಯಾವುದು ಬೇಕಂತ ನಿನ್ನ ಮೈನೇ ಹೇಳ್ತದ."

ಮೂಗಿನ ಹತ್ತಿರ ಒಯ್ದಿದ್ದ ಕೈ ಅಲ್ಲೇ ನಿಂತಿತು. ಮನೆ ಬಿಡುವ ಮುಂಚೆ ಆ ಕೋಟಿನ ತೋಳು ಬಿಡಿಸಿದವಳು ಅವಳೇ. ಒಳಗಿನ ಕೈ ಫರಸಿ ಕಲ್ಲಿನಂತೆ ತಣ್ಣಗಿತ್ತು.

"ಮೈ ಥಂಡ ಇದ್ದರ ಯಾವುದು ಅರಳ್ತದರಿ?"

ಮಿಯಾ ಜೋರಾಗಿ ನಕ್ಕ. "ಥಂಡ ಮೈ ಯಾರದಿರ್ತದ? ನಿನ್ನ ಲಗ್ನಾ ಆಗೋ ದುಲ್ಹಾಂದೇನು?"

ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ತಾಗದಂತೆ ಗಾಳಿಯಲ್ಲಿ ದೂರ ದೂರ ಹಿಡಿದುಕೊಂಡು ಹೆಪ್ಸಿಬಾ ಅವನ ಮುಖವನ್ನು ನೇರ ನೋಡಿದಳು.

"ನಮ್ಮ ಮಮ್ಮಿದುರಿ," ಎಂದಳು. "ಮಮ್ಮಿ ಸತ್ತಾಳ."