ಒಬ್ಬನೇ ಎತ್ತುವ ಬೋರಣ್ಣ

ಬಿಳೇಕಹಳ್ಳಿಯ ವೃದ್ಧಾಶ್ರಮವೊಂದರಲ್ಲಿ ಅಟೆಂಡರ್ ಆಗಿದ್ದ ಬೋರಣ್ಣ, ಲಿಫ್ಟ್ ಕೆಟ್ಟ ದಿನ ಮೂವರು ಹಿರಿಯರನ್ನು ಮಂಚದ ಸಮೇತ ಎತ್ತಿಕೊಂಡು ನಾಲ್ಕು ಮಹಡಿ ಹತ್ತಿದ್ದ. ಅವರಲ್ಲೊಬ್ಬರು ದಾರಿಯುದ್ದಕ್ಕೂ ಕಾಫಿ ಕುಡಿಯುತ್ತಿದ್ದರು, ಒಂದು ತೊಟ್ಟೂ ಚೆಲ್ಲಲಿಲ್ಲ. ಕಟ್ಟಡಕ್ಕೆ ಇದ್ದದ್ದು ಎರಡೇ ಮಹಡಿ ಅನ್ನುವುದು ಬೇರೆ ಮಾತು.

ಬೋರಣ್ಣ ಹೇಳುತ್ತಿದ್ದ ಈ ಕಥೆ ಕೇಳಿ ನಗದವನು ಒಬ್ಬನೇ, ಮ್ಯಾನೇಜರ್ ಶಶಿಕಾಂತ್. ಹಾಸಿಗೆ ಹಿಡಿದವರನ್ನು ಎತ್ತಲು ಇಬ್ಬರು ಬೇಕು, ಭುಜಕ್ಕೊಬ್ಬರು, ಮಂಡಿಗೊಬ್ಬರು. ಅದು ಅಲ್ಲಿನ ಪದ್ಧತಿ. ಬೋರಣ್ಣ ಒಬ್ಬನೇ ಎತ್ತುವುದಾದರೆ ಉಳಿದವರಿಗೇನು ಧಾಡಿ ಎಂದು ಶಶಿಕಾಂತ್ ಪ್ರತಿ ಪಾಳಿಗೂ ಒಬ್ಬೊಬ್ಬರನ್ನೇ ಹಾಕಿದ. ಬೋರಣ್ಣನ ಫೋಟೋ ಗೋಡೆಗೇರಿತು. ಅದನ್ನು ನೋಡಲು ಯಡಿಯೂರು ಕೆರೆಯ ಬಾತುಗಳೂ ಸಾಲುಗಟ್ಟಿ ಬಂದಿದ್ದವು ಎಂದು ಬೋರಣ್ಣ ಹೇಳಿಕೊಂಡು ತಿರುಗಿದ.

ಒಂದು ಬೆಳಿಗ್ಗೆ ಆಯಾ ಇಂದ್ರಾಣಿ ಒಬ್ಬಳೇ ಪರಮಶಿವಯ್ಯನವರನ್ನು ಸ್ನಾನಕ್ಕೆ ಎಬ್ಬಿಸಿದಳು. ತೊಂಬತ್ತೆರಡು ಕೆಜಿ ಮನುಷ್ಯ, ಎಡಗಡೆ ಲಕ್ವ. ಅವರು ಜಾರಿದರು, ನೆಲಕ್ಕೆ ಬೀಳಲು ಬಿಡದೆ ಇವಳು ಅಡಿಯಾದಳು. ಅವರಿಗೆ ಒಂದು ಗೀರೂ ಆಗಲಿಲ್ಲ, ಇವಳ ಭುಜದ ಕೀಲು ತಪ್ಪಿತು.

ಶಶಿಕಾಂತ್ ವರದಿ ಬರೆದ ಚಂದವೇ ಚಂದ: ಮನೆಯಲ್ಲಿ ನೀರಿನ ಕೊಡ ಎತ್ತಿ ಭುಜ ಕೆಡಿಸಿಕೊಂಡಿದ್ದಾಳೆ, ಇಲ್ಲಿನ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ವರದಿ ನಿಂತರೆ ಇಎಸ್‌ಐ ವಿಮೆಯಲ್ಲಿ ಕೆಲಸದ ಗಾಯ ಅನ್ನಿಸಿಕೊಳ್ಳುವುದಿಲ್ಲ, ಅವಳ ನೌಕರಿಯೂ ಉಳಿಯುವುದಿಲ್ಲ. ಮುದುಕರ ಮೈ ಹೊತ್ತು ಸವೆದ ಹೆಂಗಸಿಗೆ ನೀರಿನ ಕೊಡದ ನೆಪ! ಬೋರಣ್ಣನ ರಕ್ತ ಎಷ್ಟು ಕುದಿಯಿತೆಂದರೆ, ಬನ್ನೇರುಘಟ್ಟ ರೋಡಿನ ಅಷ್ಟೂ ಹೋಟೆಲಿನವರು ಅದರ ಮೇಲೆ ಇಡ್ಲಿ ಬೇಯಿಸಬಹುದಿತ್ತು.

ಬನಶಂಕರಿಯ ಅವಳ ಮನೆಗೆ ಹೋಗಿ ಮ್ಯಾನೇಜರನನ್ನು ಬೈದದ್ದೇ ಬೈದದ್ದು. ಇಂದ್ರಾಣಿ ಎಲ್ಲ ಕೇಳಿಸಿಕೊಂಡಳು.

"ಬೈದಿದ್ದು ಸಾಕು ಅಣ್ಣ. ಮೂರು ಜನಾನ ಎತ್ತೋನಲ್ವಾ, ಬಾ, ಆ ಸಾರಿನ ಸೌಟು ಎತ್ಕೊಡು. ನನ್ ಕೈಲಿ ಆಗ್ತಿಲ್ಲ."

ಬೋರಣ್ಣ ಸೌಟು ಎತ್ತಿಕೊಟ್ಟ.

ವಾರದೊಳಗೆ ಇಎಸ್‌ಐ ಕಚೇರಿಯಿಂದ ವಿಚಾರಣೆಗೆ ಒಬ್ಬರು ಮೇಡಂ ಬಂದರು. ಒಬ್ಬರೇ ಎತ್ತುವುದು ಇಲ್ಲಿ ಮಾಮೂಲು, ಇದುವರೆಗೆ ಯಾರಿಗೂ ಏನೂ ಆಗಿಲ್ಲ, ಬೇಕಾದರೆ ನೋಡಿ ಎಂದು ಶಶಿಕಾಂತ್ ಬೋರಣ್ಣನನ್ನು ಪರಮಶಿವಯ್ಯನವರ ಮಂಚದ ಮುಂದೆ ನಿಲ್ಲಿಸಿದ. ಬೋರಣ್ಣ ತೋಳು ಮಡಿಸಿದ, ಬಗ್ಗಿದ. ಅಂಗಿಯೊಳಗೆ ಏನೋ ಪರ್ ಎಂದು ಕಿತ್ತುಕೊಂಡಿತು. ಅವನು ಬಗ್ಗಿದಲ್ಲೇ ಉಳಿದ.

"ಏನ್ರೀ ಅದು? ಅಂಗಿ ಮೇಲೆತ್ತಿ," ಅಂದರು ಮೇಡಂ.

ಸೊಂಟಕ್ಕೆ ಬಿಗಿದಿದ್ದ ಅಗಲದ ಬೆಲ್ಟ್ ಬಿಚ್ಚಿಕೊಂಡು ನೇತಾಡುತ್ತಿತ್ತು.

ಶಶಿಕಾಂತ್ ಬಾಯಿ ತೆರೆಯುವ ಮೊದಲೇ ಬೋರಣ್ಣ ಮಂಚದ ಸರಳು ಹಿಡಿದುಕೊಂಡು ಮಾತಾಡಿದ.

"ಡಾಕ್ಟ್ರು ಕೊಟ್ಟಿದ್ದು ಮೇಡಂ. ಎರಡು ತಿಂಗಳಾಯ್ತು. ಜೋಡಿ ಇದ್ದಾಗ ನಾನು ಯಾವತ್ತೂ ಒಬ್ನೇ ಎತ್ತಿಲ್ಲ. ಇನ್ನೊಂದು ಕಡೆ ಇಂದ್ರಾಣಿ ಹಿಡ್ಕೊಳ್ತಿದ್ಲು, ಅವಳ ಹೆಸರು ಬಿಟ್ಟು ಕೊಚ್ಕೊಂಡೆ. ಇವ್ರು ಅದನ್ನೇ ನಂಬಿ ಜೋಡಿ ತೆಗೆದ್ರು. ತೆಗೆದ ಮೂರನೇ ದಿನಕ್ಕೇ ನನ್ ಬೆನ್ನು ಹೋಯ್ತು. ಮರ್ಯಾದೆಗೆ ಅಂಜಿ ಬಾಯಿ ಮುಚ್ಕೊಂಡೆ. ಅವತ್ತೇ ಹೇಳಿದ್ರೆ ಅವಳ ಭುಜ ಉಳೀತಿತ್ತು. ಬರ್ಕೊಳ್ಳಿ."