ದೂರು ಕೊಡುವವರು ಬೇಕಾಗಿದ್ದಾರೆ

"ಊಟ ಚೆನ್ನಾಗಿಲ್ಲ ಅನ್ನೋರು ಒಬ್ಬರಾದ್ರೂ ಇಲ್ವಾ ಈ ನಂಜನಗೂಡಲ್ಲಿ?"

ಪಂಕ್ತಿ ಎದ್ದುಹೋದ ದಾಸೋಹದ ಮನೆಯಲ್ಲಿ ನಿಂತು ಅರ್ಪಿತ ಕೇಳಿದಳು. 

ಮಠದಲ್ಲಿ ಬಡಿಸುವುದು ಅವಳ ಕೆಲಸ. ಅತಿಥಿಸೇವೆಯ ಸರ್ಟಿಫಿಕೇಟ್ ಸಿಕ್ಕರೆ ತಾಂಡ್ಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್ ಆಗಬಹುದು. ಅದಕ್ಕೆ ಪರೀಕ್ಷೆ ಬರೆಯಬೇಕಿಲ್ಲ. ಮಾಡುವ ಕೆಲಸಕ್ಕೆಲ್ಲ ಸಾಕ್ಷಿ ಕೂಡಿಸಿ ಫೈಲ್ ಒಪ್ಪಿಸಬೇಕು. ಟೋಪಿ, ಏಪ್ರನ್ ತೊಟ್ಟ ಫೋಟೊ ಆಗಿತ್ತು. ಕೈ ತೊಳೆಯುವ ವಿಡಿಯೊ ಆಗಿತ್ತು. ಅಡುಗೆಯ ಮಂಗಳಗೌರಮ್ಮ ತೆಗೆದದ್ದಾದ್ದರಿಂದ ಅರ್ಧಕ್ಕರ್ಧ ಅವರ ಹೆಬ್ಬೆರಳೇ ಇತ್ತು. ಉಳಿದದ್ದು ಒಂದೇ ಹಾಳೆ: ಅತಿಥಿ ಕೊಟ್ಟ ದೂರು, ಅದನ್ನು ಪರಿಹರಿಸಿದ ಬಗೆ. ಪರೀಕ್ಷಕರು ಬರುವುದು ನಾಡಿದ್ದು.

ಹೋಟೆಲಿನಲ್ಲಾಗಿದ್ದರೆ ಬೆಳಗಿನ ಇಡ್ಲಿ ಹೊತ್ತಿಗೇ ದೂರು ಸಿಗುತ್ತಿತ್ತು. ಇಲ್ಲಿ ಉಣ್ಣುವವರು ಮೊದಲ ತುತ್ತನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಡುವವರು. ಬೇಕೆಂದೇ ನೀರು ಬಡಿಸದೆ ನೋಡಿದಳು. ಕೂತವರಲ್ಲೇ ಒಬ್ಬರು ಎದ್ದು, ಜಗ್ಗು ಹಿಡಿದು, ಪಂಕ್ತಿಗೆಲ್ಲ ನೀರು ಬಡಿಸಿ, "ಸೇವೆಗೆ ಒಂದ್ ಅವಕಾಸ ಕೊಟ್ಟೆ ಕಣವ್ವ" ಎಂದು ಅವಳಿಗೇ ಕೈಮುಗಿದರು.

ಆಗ ನೆನಪಾದವರು ಹೆಮ್ಮಿಗೆಯ ಶಂಭುಲಿಂಗಪ್ಪ ದೊಡ್ಡಪ್ಪ. ಮಗಳ ಮದುವೆಯ ದಿನವೇ ಬೀಗರ ಎದುರು, ಹೋಳಿಗೆಯ ಹೂರಣ ಒಂದು ಮಗ್ಗುಲಿಗಿದೆ ಎಂದವರು. ಮಾರನೆಯ ದಿನದ ಊಟಕ್ಕೆ ಫೋನ್ ಮಾಡಿ ಕರೆದಳು. ಟಿ. ನರಸೀಪುರದಲ್ಲಿ ಬಸ್ಸು ಹತ್ತಿ, ಕಿಟಕಿಯನ್ನು ಬಯ್ಯುತ್ತಲೇ ಬಂದಿಳಿದರು. ಅಷ್ಟರಲ್ಲಿ ಅರ್ಪಿತ ಕಾಡಿ ಬೇಡಿ, ಸಾರಿಗೆ ಉಪ್ಪು ಹಾಕದಂತೆ ಮಂಗಳಗೌರಮ್ಮನನ್ನು ಒಪ್ಪಿಸಿದ್ದಳು. ಆಕೆ ಒಲೆಯ ಮುಂದೆ ಕೆನ್ನೆ ಬಡಿದುಕೊಂಡು ಒಪ್ಪಿದ್ದರು.

ಪಂಕ್ತಿ ತಲೆ ತಗ್ಗಿಸಿ ಉಂಡಿತು. "ನಂಗೆ ಬಿ.ಪಿ. ಇರೋದು ಆ ಸಿವನಿಗೆ ಎಂಗೆ ಗೊತ್ತಾಯ್ತು ಅಂತೀನಿ!" ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. ದೊಡ್ಡಪ್ಪನೂ ತಟ್ಟೆ ಬಳಿದು ಉಂಡರು.

"ಹೆಂಗಿತ್ತು ದೊಡ್ಡಪ್ಪ?"

"ಪ್ರಸಾದ ಕಣವ್ವ."

"ಉಪ್ಪು?"

"ಪ್ರಸಾದ ಅಂದ್ನಲ್ಲ!"

ಅವಳು ಹಾಳೆ ಮುಂದೆ ಹಿಡಿದು ವಿಷಯ ಹೇಳಿದಳು. "ಒಂದೇ ಒಂದು ದೂರು ಬರ್ಕೊಡಿ ದೊಡ್ಡಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ."

"ಮಠದ ಅನ್ನದ ಮ್ಯಾಲೆ ದೂರಾ? ಪೆನ್ ಕೊಡಮ್ಮಿ ಇಲ್ಲಿ, ನಿನ್ ಮ್ಯಾಲೇ ಬರೀತೀನಿ!"

ಬರೆದೇಬಿಟ್ಟರು: "ಬಡಿಸುವ ಅರ್ಪಿತ ಉಂಡವರನ್ನು ನೆಮ್ಮದಿಯಾಗಿ ಏಳಲು ಬಿಡುವುದಿಲ್ಲ. ಊಟದಲ್ಲಿ ತಪ್ಪು ಹುಡುಕು ಎಂದು ಪೀಡಿಸುತ್ತಾಳೆ. ಸಾರಿಗೆ ಉಪ್ಪು ಇರಲಿಲ್ಲ, ಅದು ಬೇರೆ ಮಾತು." ಕೆಳಗೆ ಸಹಿ.

ಅರ್ಪಿತಳ ಮುಖ ಅರಳಿತು. ತರಬೇತಿಯಲ್ಲಿ ಕಲಿಸಿದ ಹಾಗೇ ನಡುವೆ ಬಾಯಿ ಹಾಕದೆ ಬಯ್ಗುಳ ಪೂರ್ತಿ ಕೇಳಿದಳು, ತಪ್ಪಾಯಿತೆಂದಳು, ಕೂರಿಸಿ ಬಟ್ಟಲ ತುಂಬ ಪಾಯಸ ತಂದಿಟ್ಟಳು. ಮಂಗಳಗೌರಮ್ಮ ಈ ಸಲ ಹೆಬ್ಬೆರಳು ಅಡ್ಡ ಬಾರದಂತೆ ವಿಡಿಯೊ ತೆಗೆದರು. ಪಾಯಸ ಮುಗಿಯುವಷ್ಟರಲ್ಲಿ ದೊಡ್ಡಪ್ಪನ ಸಿಟ್ಟೂ ಮುಗಿದಿತ್ತು. ಸಮಾಧಾನವಾಯಿತೆಂದು ಇನ್ನೊಂದು ಸಹಿಯನ್ನೂ ಹಾಕಿದರು.

ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದ ದೊಡ್ಡಪ್ಪ ತಟ್ಟನೆ ನಿಂತರು. ನೀರು ಸುರಿಯುವ ಕೈಯಲ್ಲೇ ಓಡಿಬಂದರು.

"ಅಯ್ಯೋ ಸಿವನೇ! ಮಠದಲ್ಲಿ ಉಂಡು ಉಪ್ಪಿಲ್ಲ ಅಂತ ಬರ್ದುಬುಟ್ನಲ್ಲ! ಆ ಆಳೆ ಕೊಡವ್ವ, ಅರ್ದಾಕ್ಬುಡ್ತೀನಿ. ಬೇಕಾದ್ರೆ ನಮ್ಮ ಬೀಗರ ಮ್ಯಾಲೆ ಇನ್ನೊಂದು ಬರ್ಕೊಡ್ತೀನಿ."

ಅರ್ಪಿತ ಫೈಲನ್ನು ಎದೆಗವಚಿಕೊಂಡಳು.

"ಕೊಡಾಕಿಲ್ಲ ದೊಡ್ಡಪ್ಪ."